ಖಡಿ ಮಶೀನು ನಿಂತಿದ್ದ ದಿನ

ಮುಂಡರಗಿ
12 ನವೆಂಬರ್ 2023

ತೀರ್ಥರೂಪ ಅಪ್ಪನಿಗೆ,

ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಕೇಳಿಸುವುದಿಲ್ಲ. ಉಳಿದರ್ಧಕ್ಕೆ ಅವ್ವ ನಡುವೆ ನಿಂತು ತನ್ನ ಮಾತು ಸೇರಿಸುತ್ತಾಳೆ. ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ. ಕೆಲಸದ ವಿಷಯ, ಸರಿಯಾಗಿ ತಿಳಿಯಬೇಕು.

ಕ್ಷಯರೋಗ ವಿಭಾಗದವರು ನನ್ನನ್ನು ಈ ತಾಲ್ಲೂಕಿಗೆ ಹಾಕಿ ಒಂದೂವರೆ ವರ್ಷವಾಯಿತು. ಸ್ಕೂಟರಿನಲ್ಲಿ ಊರೂರು ತಿರುಗುತ್ತೇನೆ. ರೋಗಿಗಳು ಗುಳಿಗೆ ತಪ್ಪದೆ ನುಂಗುತ್ತಿದ್ದಾರೆಯೇ ನೋಡುತ್ತೇನೆ, ಕಫದ ಡಬ್ಬಿ ಪರೀಕ್ಷೆಗೆ ಕಳಿಸುತ್ತೇನೆ. ಶಿರಹಟ್ಟಿ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ, ಹಿರೇಕಣವಿ ಎಂಬ ಊರಿದೆ. ಮುನ್ನೂರು ಮನೆ ಇದ್ದರೆ ಹೆಚ್ಚು. ಅಷ್ಟು ಸಣ್ಣ ಊರಿನಲ್ಲಿ ನನ್ನ ಹನ್ನೊಂದು ರೋಗಿಗಳಿದ್ದಾರೆ. ಅವರಲ್ಲಿ ಎಂಟು ಜನರ ಕಫದಲ್ಲಿ ಒಮ್ಮೆಯೂ ರೋಗಾಣು ಸಿಕ್ಕಿಲ್ಲ. ಎಕ್ಸ್‌ರೇ ನೋಡಿ ಕ್ಷಯವೆಂದು ಗುಳಿಗೆ ಶುರುವಾದದ್ದು. ಆ ಎಂಟೂ ಜನ ಊರಾಚೆ ಗುಡ್ಡದ ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಶೀನುಗಳಲ್ಲಿ ದುಡಿಯುವವರು, ಇಲ್ಲವೇ ದುಡಿದು ಬಿಟ್ಟವರು.

ನಾಲ್ಕು ಮಶೀನುಗಳಿವೆ. ಲಕ್ಷ್ಮೇಶ್ವರದ ಕಡೆಗೆ ಹೊಸ ರಸ್ತೆ ಆಗುತ್ತಿರುವುದರಿಂದ ಈಗ ಅವುಗಳಿಗೆ ಬಿಡುವಿಲ್ಲ. ಊರಿನ ಬೇವಿನ ಮರಗಳು ಧೂಳಿಗೆ ಬೆಳ್ಳಗಾಗಿವೆ. ಹೆಂಗಸರು ನೀರಿನ ಕೊಡಕ್ಕೆ ಎರಡು ಪದರ ಅರಿವೆ ಕಟ್ಟುತ್ತಾರೆ, ಆದರೂ ರೊಟ್ಟಿ ಅಗಿದರೆ ಹಲ್ಲಿಗೆ ಮರಳು ಸಿಗುತ್ತದೆ.

ಇವರಲ್ಲಿ ಕೊಟ್ರೇಶ ಎಂಬುವನಿಗೆ ಮೂವತ್ತನಾಲ್ಕು ವರ್ಷ. ಹೆಂಡತಿ ಮಂಜವ್ವ, ಇಬ್ಬರು ಹೆಣ್ಣುಮಕ್ಕಳು. ಆರು ತಿಂಗಳ ಗುಳಿಗೆ ಒಮ್ಮೆ ಮುಗಿಸಿದ್ದಾನೆ, ಎರಡನೆಯ ಸಲದ್ದೂ ಮುಗಿಯುತ್ತ ಬಂತು. ಕೆಮ್ಮು ಮಾತ್ರ ನಿಂತಿಲ್ಲ. ಮನೆಯ ಕಟ್ಟೆ ಹತ್ತಿದರೆ ಏದುಸಿರು ಬರುತ್ತದೆ. ಅವನನ್ನು ಗದಗಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದೇನೆ. ಅಲ್ಲಿ ಎದೆರೋಗದ ವೈದ್ಯೆ ನೂರೀನ ಅವರನ್ನು ಕಾಣಬೇಕು. ನನಗೆ ರಜೆ ಸಿಗಲಿಲ್ಲ. ಗದಗಿನ ಪರಿಚಯ ಅವನಿಗಿಲ್ಲ. ಬರುವ ಗುರುವಾರ ನೀವು ಬಸ್ ನಿಲ್ದಾಣಕ್ಕೆ ಹೋಗಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಾ?

ಇನ್ನೊಂದು ಮಾತು. ಮೂವತ್ತು ವರ್ಷ ನೀವು ಮಾಲಿನ್ಯ ಮಂಡಳಿಯ ನೌಕರಿಯಲ್ಲಿ ಊರೂರಿಗೆ ಯಂತ್ರ ಹೊತ್ತು ಗಾಳಿ ಅಳೆದವರು. ಎಂಥ ಧೂಳು ಎದೆಯೊಳಗೆ ಹೋಗಿ ಕೂಡುತ್ತದೆ? ಈ ಹಿರೇಕಣವಿಗೆ ಎಂದಾದರೂ ಹೋಗಿದ್ದಿರಾ?

ನಿಮ್ಮ ಮಗಳು
ಹರಿಪ್ರಿಯಾ

ಗದಗ
26 ನವೆಂಬರ್ 2023

ಚಿ. ಹರಿಪ್ರಿಯಾಳಿಗೆ ಆಶೀರ್ವಾದ.

ನೀನು ಕಳಿಸಿದ ಮನುಷ್ಯನನ್ನು ಕಂಡೆ. ಬಸ್ಸಿನ ಮೆಟ್ಟಿಲು ಇಳಿದವನೇ ಕಂಬ ಹಿಡಿದು ನಿಂತ. ಕೆಳಗೆ ಕೂಡಿಸಿ ನೀರು ಕೊಟ್ಟೆ. ನಾನು ಅರವತ್ತೆರಡರವನು, ಅವನು ನಿನ್ನ ಅಣ್ಣ ಸಮೀರನಿಗಿಂತ ಚಿಕ್ಕವನು. ಆದರೂ ಆಸ್ಪತ್ರೆಯ ಬಾಗಿಲಿನಿಂದ ವೈದ್ಯೆಯ ಕೋಣೆಗೆ ಹೋಗುವಷ್ಟರಲ್ಲಿ ಮೂರು ಸಲ ಅವನಿಗಾಗಿ ನಾನು ನಿಲ್ಲಬೇಕಾಯಿತು.

ನೂರೀನ ಅವರು ಒಳ್ಳೆಯ ಹೆಣ್ಣುಮಗಳು. ಎಕ್ಸ್‌ರೇ ಮುಟ್ಟುವ ಮೊದಲೇ, ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಅವನು ಹೇಳಿದ. ಎಷ್ಟು ವರ್ಷ, ಮೂಗಿಗೆ ಏನು ಕಟ್ಟುತ್ತಿದ್ದೆ, ಯಾವ ಕಡೆ ನಿಲ್ಲುತ್ತಿದ್ದೆ, ಎಲ್ಲವನ್ನೂ ಕೇಳಿದರು. ಒಂಬತ್ತು ವರ್ಷ, ಟವೆಲ್ಲು, ಕಲ್ಲು ಸುರಿಯುವ ಬಾಯಿಯ ಹತ್ತಿರ. ಆಮೇಲೆ ಹೊಸ ಚಿತ್ರ ತೆಗೆಸಿ ಬೆಳಕಿಗೆ ಹಿಡಿದರು. ಎದೆಯ ಎರಡೂ ಬದಿಗೆ ರವೆ ಚೆಲ್ಲಿದ ಹಾಗಿತ್ತು. ಅಷ್ಟನ್ನು ನಾನೂ ನೋಡಿದೆ.

ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ, ದನಿ ತಗ್ಗಿಸಿ ಮಾತಾಡಿದರು. ಹೊರಗೆ ಬಂದ ಮೇಲೆ ಏನಂದರು ಎಂದು ಕೇಳಿದೆ. ಅವನು ಹೇಳಿದ, ಕೇಳಿಸಲಿಲ್ಲ. ಮತ್ತೆ ಕೇಳಿದೆ. ಕೊನೆಗೆ ನನ್ನ ಕಿವಿಗೆ ಬಾಯಿ ಹಚ್ಚಿ, ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಕೂಗಿ ಹೇಳಿದ: “ಟೀಬಿ ಅಲ್ಲಂತ್ರಿ. ಕಲ್ಲಿನ ಧೂಳಂತ. ಇದಕ್ಕ ಗುಳಿಗಿ ಇಲ್ಲಂತ್ರಿ.”

ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ತನ್ನ ಸುದ್ದಿಯನ್ನು ತಾನೇ ಆ ರೀತಿ ಕೂಗಿ ಹೇಳುವಂತಾಯಿತಲ್ಲ ಎಂದು ನನಗೆ ಸಂಕಟವಾಯಿತು. ಕಿವಿಯ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಕ್ಷಯದ ಗುಳಿಗೆ ನಿಲ್ಲಿಸಬೇಕು, ಆ ಕೆಲಸವನ್ನಂತೂ ಕೂಡಲೇ ಬಿಡಬೇಕು ಎಂದು ಚೀಟಿಯಲ್ಲಿ ಬರೆದಿದ್ದಾರೆ. ಅದು ಅವನ ಹತ್ತಿರವೇ ಇದೆ. ಮನೆಗೆ ಕರೆತಂದು ಊಟ ಮಾಡಿಸಿದೆವು. ಅವನು ಎರಡು ತುತ್ತು ಉಂಡು ಕೈತೊಳೆದ. ನಿನ್ನ ಅವ್ವ ಮಕ್ಕಳಿಗೆಂದು ಉಂಡಿ ಕಟ್ಟಿಕೊಟ್ಟಳು.

ಧೂಳಿನ ಬಗ್ಗೆ ಕೇಳಿದ್ದೀಯ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಿನಲ್ಲೇ ನಿಲ್ಲುತ್ತದೆ. ಕಾಣದ್ದೇ ಒಳಗೆ ಹೋಗುತ್ತದೆ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ನಾನು ಅಳೆಯುವವನಷ್ಟೇ.

ಇಂತಿ ನಿನ್ನ ತಂದೆ
ಮಾರ್ತಾಂಡ

ಮುಂಡರಗಿ
14 ಜನವರಿ 2024

ತೀರ್ಥರೂಪ ಅಪ್ಪನಿಗೆ,

ಸಂಕ್ರಮಣಕ್ಕೆ ಬರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಬರುತ್ತಿಲ್ಲ. ಅವಳಿಗೆ ಕೆಲಸದ ನೆವ ಹೇಳಿದ್ದೇನೆ. ನಿಮಗೆ ನಿಜವಾದ ಕಾರಣ ಬರೆಯುತ್ತೇನೆ.

ಹಿರೇಕಣವಿಯಲ್ಲಿ ಇನ್ನೂ ಎರಡು ಮಶೀನು ಹಾಕಲು ಅರ್ಜಿ ಬಂದಿದೆ. ಜೂನ್ ತಿಂಗಳಲ್ಲಿ ಊರಿನವರ ಅಹವಾಲು ಕೇಳುವ ಸಭೆ ಇದೆ. ಅದರ ಕಾಗದಗಳನ್ನು ಪಂಚಾಯಿತಿಯಲ್ಲಿ ಯಾರು ಬೇಕಾದರೂ ಓದಲೆಂದು ಇಟ್ಟಿದ್ದಾರೆ. ಓದಲು ಬಂದವಳು ನಾನೊಬ್ಬಳೇ ಎಂದು ಅಲ್ಲಿನ ಕಾರಕೂನ ಹೇಳಿದ.

ಅದರೊಳಗೆ 2019ರ ಮಾರ್ಚ್ ತಿಂಗಳ ಒಂದು ವರದಿ ಇದೆ. ಶಾಲೆಯ ಮಾಳಿಗೆಯ ಮೇಲೆ ಯಂತ್ರ ಇಟ್ಟು ಎಂಟು ತಾಸು ಗಾಳಿ ಅಳೆಯಲಾಯಿತು, ಧೂಳು ಮಿತಿಯೊಳಗಿದೆ ಎಂದು ಬರೆದಿದೆ. ‘ಅಳತೆಯ ವೇಳೆ ಘಟಕಗಳು ಚಾಲನೆಯಲ್ಲಿದ್ದವೇ?’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದಿದೆ. ಕೆಳಗಿನ ಸಹಿ ಮಾ. ಗೋ. ಸೊರಟೂರ ಅವರದು. ಆ ಸಹಿಯನ್ನು ನನ್ನ ಅಂಕಪಟ್ಟಿಗಳ ಮೇಲೆ ಹತ್ತು ವರ್ಷ ನೋಡಿದ್ದೇನೆ, ಗುರುತು ತಪ್ಪಲಾರದು.

ನಾಲ್ಕು ಮಶೀನುಗಳು ಆ ಒಂದು ಹಾಳೆಯ ಆಧಾರದ ಮೇಲೆ ಐದು ವರ್ಷ ತಿರುಗಿವೆ. ಈಗ ಇನ್ನೆರಡಕ್ಕೂ ಅದನ್ನೇ ಲಗತ್ತಿಸಿದ್ದಾರೆ.

ಆ ದಿನ ಏನಾಗಿತ್ತೆಂದು ಊರಿನಲ್ಲಿ ವಿಚಾರಿಸಿದೆ. ಗಂಡಸರಿಗೆ ನೆನಪಿಲ್ಲ. ಮಂಜವ್ವನಿಗೆ ಚೆನ್ನಾಗಿ ನೆನಪಿದೆ. “ಅದನ್ನ ಹೆಂಗ ಮರೀಲಿರಿ ಅಕ್ಕಾರ?” ಎಂದಳು. “ಮಶೀನ ಬಂದ್ ಇದ್ವು. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೌದಿ ಒಗದು ಹೊರಗ ಒಣಾ ಹಾಕಿದ್ವಿ. ಸಂಜಿತನಕ ಒಂದ ಕಣ ಧೂಳ ಕುಂತಿರಲಿಲ್ಲ.” ಹಿಂದಿನ ಎರಡು ದಿನ ಟ್ಯಾಂಕರಿನಿಂದ ರಸ್ತೆಗೆ ನೀರು ಹೊಡೆದಿದ್ದರಂತೆ. ಅಳೆಯುವವರು ಬರುತ್ತಾರೆಂಬುದು ಮೊದಲೇ ಗೊತ್ತಿತ್ತಂತೆ.

ಆ ಊರಿಗೆ ಎಂದಾದರೂ ಹೋಗಿದ್ದಿರಾ ಎಂದು ನವೆಂಬರಿನಲ್ಲಿ ಕೇಳಿದ್ದೆ. ನೀವು ಉತ್ತರ ಬರೆದಿರಲಿಲ್ಲ. ನನ್ನ ಪತ್ರದ ಉಳಿದ ಎಲ್ಲ ಮಾತಿಗೂ ಬರೆದಿದ್ದಿರಿ.

ಮಶೀನು ನಿಂತಿದ್ದು ನಿಮಗೆ ಕಾಣಲಿಲ್ಲವೇ, ಅಪ್ಪಾ?

ಹರಿಪ್ರಿಯಾ

ಗದಗ
22 ಜನವರಿ 2024

ಚಿ. ಹರಿಪ್ರಿಯಾಳಿಗೆ,

ಪತ್ರ ತಲುಪಿತು.

ಯಂತ್ರದ ಫಿಲ್ಟರ್ ಕಾಗದವನ್ನು ಮೊದಲು ತೂಗಿ, ಎಂಟು ತಾಸಿನ ಮೇಲೆ ಮತ್ತೆ ತೂಗಿ, ಬಂದ ಅಂಕಿಯನ್ನು ಬರೆದಿದ್ದೇನೆ. ಅಂಕಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಮಾಡಿಲ್ಲ. ಪರವಾನಿಗೆ ಕೊಡುವುದು ಬಿಡುವುದು ಮೇಲಿನವರ ಕೆಲಸ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಒಂದು ಮೆಮೋ ಬಂದಿಲ್ಲ.

ಮೇಲಿನಿಂದ ಬಂದ ಕಾಗದ ನೋಡಿ ನಾನು ಸಹಿ ಮಾಡಿದೆ. ಮೇಲಿನಿಂದ ಬಂದ ಚೀಟಿ ನೋಡಿ ನೀನೂ ಅವನಿಗೆ ಒಂದು ವರ್ಷ ಗುಳಿಗೆ ನುಂಗಿಸಿದೆ. ನನ್ನನ್ನು ಕೇಳುವ ಮೊದಲು ಅದನ್ನೂ ವಿಚಾರ ಮಾಡು.

ಆರೋಗ್ಯ ನೋಡಿಕೋ.

ಮಾರ್ತಾಂಡ

ಮುಂಡರಗಿ
19 ಏಪ್ರಿಲ್ 2024

ಅಪ್ಪನಿಗೆ,

ಕೊಟ್ರೇಶ ಮಂಗಳವಾರ ತೀರಿಕೊಂಡ. ನಿಮ್ಮ ಮನೆಯಲ್ಲಿ ಉಂಡವನು, ಅದಕ್ಕೆ ತಿಳಿಸುತ್ತಿದ್ದೇನೆ.

ಫೆಬ್ರವರಿಯಿಂದ ಅವನಿಗೆ ಮಲಗಲು ಆಗುತ್ತಿರಲಿಲ್ಲ. ಜೋಳದ ಚೀಲಕ್ಕೆ ಎದೆ ಆನಿಸಿ, ಕುಳಿತೇ ಇರುತ್ತಿದ್ದ. ಕೆಲಸ ಬಿಟ್ಟಿದ್ದರೂ ಮಶೀನಿನ ಸದ್ದು, ಧೂಳು ಮನೆಯೊಳಗೇ ಬರುತ್ತಿದ್ದವು. ಎಲ್ಲಿಗೆ ಹೋಗಬೇಕು? ಸಿಂಗಟಾಲೂರಿನಲ್ಲಿ ಮಂಜವ್ವನ ತಮ್ಮನಿದ್ದಾನೆ. ಹೊಳೆಯ ದಂಡೆಯ ಊರು, ಗಾಳಿ ಚಲೋ ಇದೆ ಎಂದು ಒಂದು ತಿಂಗಳು ಅಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಎರಡು ರೊಟ್ಟಿ ತಿನ್ನುವಷ್ಟು ಸುಧಾರಿಸಿದ್ದನಂತೆ. ಮಕ್ಕಳನ್ನು ನೋಡಬೇಕೆಂದು ಹಟ ಹಿಡಿದು ತಿರುಗಿ ಬಂದ.

ಸೋಮವಾರ ಹೋಗಿದ್ದೆ. ಮಾತು ತುಂಡು ತುಂಡಾಗಿ ಬರುತ್ತಿತ್ತು. “ಅಕ್ಕಾರ, ನೀವು ಕೊಟ್ಟ ಗುಳಿಗಿ ಒಂದ ದಿನಾನೂ ತಪ್ಪಿಸಿಲ್ರಿ ನಾ,” ಎಂದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಹೇಳಿದ್ದನ್ನು ತಾನು ಸರಿಯಾಗಿ ಮಾಡಿದ್ದೇನೆಂದು ನನಗೆ ತಿಳಿಯಲಿ ಎಂದಷ್ಟೇ ಹೇಳಿದ. ಸಿಟ್ಟಾಗಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು.

ನೀವು ಜನವರಿಯಲ್ಲಿ ಬರೆದ ಮಾತು ನನಗೆ ಬಹಳ ನೋವು ಮಾಡಿತು. ಮೂರು ತಿಂಗಳು ಉತ್ತರ ಬರೆಯದೆ ಇದ್ದದ್ದು ಅದಕ್ಕೇ. ಮಣ್ಣು ಮಾಡಿ ಬಂದ ಮೇಲೆ ನನ್ನ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಉದ್ಯೋಗ ಎಂಬ ಸಾಲಿನಲ್ಲಿ ಹನ್ನೊಂದು ಜನರ ಮುಂದೆಯೂ ನನ್ನ ಕೈಬರಹದಲ್ಲಿ ‘ಕೂಲಿ’ ಎಂದಿದೆ. ಎಂಥ ಕೂಲಿ ಎಂದು ನಾನು ಬರೆದಿರಲಿಲ್ಲ. ಅವರು ಹೇಳಿದ್ದರು. ಸಾಲು ಸಣ್ಣದಿತ್ತು, ಬಿಸಿಲಿತ್ತು, ಮುಂದಿನ ಊರಿಗೆ ಹೋಗುವುದಿತ್ತು. ನೂರೀನ ಅವರು ಮೊದಲ ಮಾತಿಗೇ ಕೇಳಿದ್ದನ್ನು ನಾನು ಕೇಳಲು ಒಂದು ವರ್ಷ ತೆಗೆದುಕೊಂಡೆ.

ಹಾಗಾಗಿ ನೀವು ಬರೆದದ್ದು ಖರೆ. ಆದರೆ ನನ್ನ ತಪ್ಪು ಖರೆಯಾದ ಮಾತ್ರಕ್ಕೆ ನಿಮ್ಮ ತಪ್ಪು ಸುಳ್ಳಾಗುವುದಿಲ್ಲ.

ಜೂನ್ 18ಕ್ಕೆ ಸಭೆ. ನಾನು ಮಾತಾಡುತ್ತೇನೆ.

ಹರಿಪ್ರಿಯಾ

ಗದಗ
20 ಮೇ 2024

ಪ್ರೀತಿಯ ಹರಿ,

ನಾನು ಪತ್ರ ಬರೆದು ಯಾವ ಕಾಲವಾಯಿತೋ! ಕೈ ನಡುಗುತ್ತದೆ, ಕೂಡಿಸಿಕೊಂಡು ಓದು. ಸಮೀರನ ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ನಿಮ್ಮಪ್ಪ ಎದುರಿಗೇ ಇರುತ್ತಾರೆ.

ನಿಮ್ಮಿಬ್ಬರ ನಡುವೆ ಏನು ನಡೆದಿದೆಯೋ ನನಗೆ ಯಾರೂ ಹೇಳಿಲ್ಲ. ಆ ಹುಡುಗ ತೀರಿಕೊಂಡ ಸುದ್ದಿ ಓದಿದ ದಿನ ಇವರು ಊಟಕ್ಕೆ ಬರಲಿಲ್ಲ. ಮರುದಿನ ಅಟ್ಟದ ಮೇಲಿನ ಟ್ರಂಕು ಇಳಿಸಿದರು. ನೌಕರಿಯಲ್ಲಿದ್ದಾಗ ಬರೆದಿಟ್ಟ ಡೈರಿಗಳೆಲ್ಲ ಈಗ ಪಡಸಾಲೆಯ ತುಂಬ ಹರಡಿವೆ. ಒಂದನ್ನು ಮಾತ್ರ ಹಿಡಿದು ಕೂಡುತ್ತಾರೆ. ಕಿವಿಗೆ ಯಂತ್ರ ಹಾಕುವುದನ್ನೇ ಬಿಟ್ಟಿದ್ದಾರೆ. ಯಾರು ಮಾತಾಡಿಸಿದರೂ ಕೇಳದವರಂತೆ ಇರುತ್ತಾರೆ. ಖರೆ ಕೇಳುವುದಿಲ್ಲವೋ, ಕೇಳಬಾರದೆಂದು ಇದ್ದಾರೋ ದೇವರೇ ಬಲ್ಲ.

ಮೊನ್ನೆ ಮುಂಜಾನೆ ನಾನು ಹೂ ಕಟ್ಟುತ್ತ ಕುಳಿತಾಗ, “ನಾ ಸುಳ್ಳ ಹೇಳೂ ಮನಷ್ಯಾ ಏನ, ನರ್ಮದಾ?” ಅಂದರು. ನಗಿಸೋಣ ಎಂದುಕೊಂಡು, “ಅಷ್ಟ ಧೈರ್ಯ ನಿಮಗೆಲ್ಲಿ ಅದ?” ಅಂದೆ. ಅವರು ನಗಲಿಲ್ಲ. ತಲೆಯಾಡಿಸಿ, “ಖರೆ. ಧೈರ್ಯ ಇರಲಿಲ್ಲ,” ಅಂದು ಎದ್ದು ಹೋದರು.

ನಿನಗೆ ಏನಾದರೂ ಗೊತ್ತಿದ್ದರೆ ನನಗೆ ಹೇಳಬೇಡ. ಅವರಿಗೆ ಒಂದು ಸಾಲು ಬರೆ.

ನಿನ್ನ ಅವ್ವ
ನರ್ಮದಾ

ಗದಗ
4 ಜೂನ್ 2024

ಚಿ. ಹರಿಪ್ರಿಯಾಳಿಗೆ ಆಶೀರ್ವಾದ.

ನಿನ್ನ ಒಂದು ಸಾಲು ಬಂತು. ‘ನೀವು ಬರೆಯುವವರೆಗೆ ನಾನು ಕಾಯುತ್ತೇನೆ’ ಎಂದು ಬರೆದಿದ್ದೀ. ಬರೆಯುತ್ತಿದ್ದೇನೆ. ಇದು ನಾಲ್ಕನೆಯ ಹಾಳೆ. ಮೊದಲಿನ ಮೂರನ್ನು ಹರಿದು ಹಾಕಿದೆ, ಮೂರರಲ್ಲೂ ನನ್ನ ಪರವಾಗಿಯೇ ಬರೆದುಕೊಂಡಿದ್ದೆ.

2019ರ ಮಾರ್ಚ್ 14, ಗುರುವಾರ. ಡೈರಿಯಲ್ಲಿದೆ. ಜೀಪು ಹಿರೇಕಣವಿಯನ್ನು ಮುಂಜಾನೆ ಎಂಟಕ್ಕೆ ಮುಟ್ಟಿತು. ರಸ್ತೆ ಹಸಿಯಾಗಿತ್ತು. ಗುಡ್ಡದ ಕಡೆಯಿಂದ ಯಾವ ಸದ್ದೂ ಇರಲಿಲ್ಲ. ಆಗ ನನ್ನ ಕಿವಿ ಚೆನ್ನಾಗಿತ್ತು. ಖಡಿ ಮಶೀನು ತಿರುಗುತ್ತಿದ್ದರೆ ಎರಡು ಮೈಲಿಯಿಂದ ಕೇಳಬೇಕು. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ನಿಂತಿದ್ದು ನನಗೆ ಕಂಡಿತು.

ಜೊತೆಗೆ ಬಂದ ಸಾಹೇಬರಿಗೆ ಹೇಳಿದೆ. ಇವತ್ತು ಅಳೆದು ಉಪಯೋಗವಿಲ್ಲ, ಇನ್ನೊಂದು ದಿನ ಹೇಳದೆ ಬರೋಣ ಎಂದೆ. ಅವರು ನಕ್ಕು, ಇನ್ನೊಮ್ಮೆ ಜೀಪು ಯಾರು ಕೊಡುತ್ತಾರೆ, ತಿಂಗಳ ಕೊನೆಗೆ ವರದಿ ಹೋಗಬೇಕು ಎಂದರು. ಯಂತ್ರ ಇಟ್ಟೆವು. ಎಂಟು ತಾಸಿನ ಮೇಲೆ ಕಾಗದ ತೆಗೆದರೆ ಯಂತ್ರ ಹಚ್ಚಿದ್ದೇ ಸುಳ್ಳೆನ್ನುವಷ್ಟು ಬೆಳ್ಳಗಿತ್ತು. ಅಂಕಿ ಬರೆದೆ. ಘಟಕಗಳು ಚಾಲನೆಯಲ್ಲಿದ್ದವೇ ಎಂಬ ಆ ಪ್ರಶ್ನೆ ಬಂದಾಗ ಪೆನ್ನು ಎತ್ತಿದೆ. ಸಾಹೇಬರು ಬೇರೆ ಕಡೆ ನೋಡುತ್ತಿದ್ದರು. ಅವರು ‘ಹೌದು ಅಂತ ಬರಿ’ ಎಂದು ಹೇಳಲಿಲ್ಲ. ನಾನೇ ಬರೆದೆ. ಹೇಳಿದ್ದರೆ ಇಂದು ಅವರ ಮೇಲೆ ಹಾಕಬಹುದಿತ್ತು.

ನಿನ್ನ ಮದುವೆಯ ಮಾತು ನಡೆದ ವರ್ಷ ಅದು, ಬಡ್ತಿಯ ಪಟ್ಟಿಯೂ ಹೊರಬೀಳುವುದಿತ್ತು ಎಂದು ಹಿಂದಿನ ಹಾಳೆಯಲ್ಲಿ ಬರೆದಿದ್ದೆ. ಆದರೆ ಆ ಗಳಿಗೆಯಲ್ಲಿ ಅದಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಹಸಿವಾಗಿತ್ತು. ಮನೆಗೆ ಹೋಗಬೇಕೆನಿಸಿತ್ತು. ಅಷ್ಟಕ್ಕೇ ಬರೆದೆ, ಹರಿ.

ಇನ್ನೊಂದು ಇದೆ. ಇದನ್ನು ಬರೆಯಲಿಕ್ಕೆ ಇಷ್ಟು ತಡವಾಯಿತು.

ಆ ದಿನ ಯಂತ್ರವನ್ನು ಮಾಳಿಗೆಗೆ ಹೊತ್ತು ಕೊಡಲು ಮಶೀನಿನವರು ಒಬ್ಬ ಆಳನ್ನು ಕಳಿಸಿದ್ದರು. ಗಟ್ಟಿ ಆಳು. ಇಬ್ಬರು ಎತ್ತುವ ಪೆಟ್ಟಿಗೆಯನ್ನು ಒಬ್ಬನೇ ಹೆಗಲ ಮೇಲಿಟ್ಟು ಏಣಿ ಹತ್ತಿದ. ಇದು ಏನು ಮಾಡತದರಿ ಎಂದು ಕೇಳಿದ. ನೀವು ಉಸರಾಡೋ ಗಾಳಿ ಚಲೋ ಅದನೋ ಇಲ್ಲೋ ಹೇಳತದ ಎಂದೆ. ಅವನಿಗೆ ಬಹಳ ಖುಷಿಯಾಯಿತು. ದಿನವಿಡೀ ನೆರಳಿನಲ್ಲಿ ಕುಳಿತು, ಅದಕ್ಕೆ ಮಕ್ಕಳು ಕಲ್ಲು ಹೊಡೆಯದಂತೆ ಕಾದ.

ನವೆಂಬರಿನಲ್ಲಿ ನಿನ್ನ ಕೊಟ್ರೇಶ ಬಸ್ಸಿನಿಂದ ಇಳಿದಾಗ ನನಗೆ ಗುರುತು ಸಿಗಲಿಲ್ಲ, ಮೈ ಅರ್ಧವಾಗಿತ್ತು. ಅವನಿಗೆ ಸಿಕ್ಕಿತು. ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ನನ್ನ ಮುಖ ನೋಡಿ, “ಸಾಲಿ ಮಾಳಿಗಿ ಮ್ಯಾಲೆ ಮಶೀನ ಇಟ್ಟವ್ರು ನೀವ ಅಲ್ರಿ?” ಎಂದ. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲ ಎಂದೆ.

ಅವನು ಮತ್ತೆ ಕೇಳಲಿಲ್ಲ.

18ಕ್ಕೆ ನಾನು ಬರುತ್ತೇನೆ. ಹೇಳಬೇಕಾದದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಕಚೇರಿಯಿಂದ ನೋಟೀಸು ಬರಬಹುದು ಎಂದು ಸಮೀರ ಹೆದರುತ್ತಾನೆ. ಬಂದರೆ ಬರಲಿ.

ನಿನ್ನ ತಂದೆ
ಮಾರ್ತಾಂಡ

ಮುಂಡರಗಿ
20 ಜೂನ್ 2024

ಪ್ರೀತಿಯ ಅವ್ವನಿಗೆ,

ಅಪ್ಪ ನನ್ನ ಕೋಣೆಯಲ್ಲಿ ಮಲಗಿದ್ದಾರೆ. ಮಧ್ಯಾಹ್ನದ ಊಟ ಮಾಡಿದ್ದಾರೆ, ಆರಾಮ ಇದ್ದಾರೆ. ಶನಿವಾರ ಬಸ್ಸಿಗೆ ಕೂಡಿಸುತ್ತೇನೆ. ಏನು ನಡೆಯಿತೆಂದು ಅವರು ನಿನಗೆ ಸರಿಯಾಗಿ ಹೇಳಲಾರರು. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಸಭೆ ಹಿರೇಕಣವಿಯ ಶಾಲೆಯ ಬಯಲಿನಲ್ಲಿತ್ತು, ಪೆಂಡಾಲು ಹಾಕಿದ್ದರು. ಸುಮಾರು ಇನ್ನೂರು ಜನ. ಹೆಚ್ಚಿನವರು ಮಶೀನು ಬೇಕು ಎನ್ನುವವರೇ. ಅವರನ್ನು ನಾನು ದೂರುವುದಿಲ್ಲ. ಮಶೀನಿನ ಮೇಸ್ತ್ರಿ ಭೀಮೇಶ ಅದೇ ಊರಿನವನು. ಅವನು ಎದ್ದು ನಿಂತು, “ನಾಳೆ ಮಶೀನ ನಿಂತ್ರ ನಲವತ್ತು ಮನಿ ಒಲಿ ನಿಲ್ತಾವು, ಅದಕ್ಕ ಯಾರು ಜವಾಬ್ದಾರಿ?” ಎಂದ. ನನ್ನ ಸರದಿ ಬಂದಾಗ ಎಂಟು ಜನರ ಹೆಸರು ಓದಿದೆ. ನನ್ನ ತಪ್ಪನ್ನೂ ಹೇಳಿದೆ. ಅಧಿಕಾರಿಗಳು ಬರೆದುಕೊಂಡರು, ಆದರೆ 2019ರ ವರದಿಯಲ್ಲಿ ಗಾಳಿ ಶುದ್ಧ ಇದೆಯಲ್ಲ ಎಂದರು.

ಆಗ ಅಪ್ಪ ಎದ್ದರು. ಹಾಳೆ ಹಿಡಿದು ಓದಲು ಶುರು ಮಾಡಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಜೋರಾಗಿ ಓದಿದರು. ಪೆಂಡಾಲಿನ ಹೊರಗೆ ನಿಂತವರಿಗೂ ಕೇಳಿಸಿತು. ಆ ವರದಿಯ ಸಹಿ ನನ್ನದು, ಆ ದಿನ ಮಶೀನು ನಿಂತಿದ್ದವು, ತಿರುಗುತ್ತಿದ್ದವು ಎಂದು ನಾನು ಸುಳ್ಳು ಬರೆದೆ. ಇಷ್ಟೇ. ಅಧಿಕಾರಿ ಮೇಲಿಂದ ಮೇಲೆ ಪ್ರಶ್ನೆ ಕೇಳತೊಡಗಿದರು. ಅಪ್ಪನಿಗೆ ಕೇಳಿಸದು. ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ‘ಯಾರಾದರೂ ಒತ್ತಾಯ ಮಾಡಿದರೇ?’ ಎಂದು ಬರೆದು ಹಿಡಿದಾಗ ಅವರು ನನ್ನ ಮುಖ ನೋಡಿದರು. “ಇಲ್ಲ,” ಎಂದರು. “ನಾನ ಬರದೆ.”

ಹಿಂದಿನಿಂದ ಯಾರೋ ಬೈದರು. ಯಾರೋ, ಮುದುಕಗ ಅರಳುಮರಳು ಎಂದರು. ಪುಣ್ಯಕ್ಕೆ ಅವರಿಗೆ ಅದು ಕೇಳಲಿಲ್ಲ. ಹಳೆಯ ವರದಿಯನ್ನು ಕೈಬಿಟ್ಟು ಹೊಸದಾಗಿ, ಮುನ್ಸೂಚನೆ ಇಲ್ಲದೆ ಅಳೆಯುವವರೆಗೆ ಅರ್ಜಿಯನ್ನು ತಡೆಹಿಡಿದಿದ್ದಾರೆ. ಈಗಿರುವ ನಾಲ್ಕು ಮಶೀನುಗಳು ಮಾತ್ರ ನಿನ್ನೆಯೂ ತಿರುಗಿದವು.

ಸಭೆ ಮುಗಿದ ಮೇಲೆ ಅಪ್ಪ ಮಂಜವ್ವನ ಮನೆಗೆ ಹೋಗಬೇಕೆಂದರು. ಅವಳು ಕಟ್ಟೆಯ ಮೇಲೆ ಚಾಪೆ ಹಾಸಿ, “ಕುಂಡ್ರಿ,” ಎಂದಳು. ಅಪ್ಪ ಕೂಡಲಿಲ್ಲ. ನಿಂತೇ, ದವಾಖಾನೆಯಲ್ಲಿ ನಿನ್ನ ಗಂಡ ನನ್ನ ಗುರುತು ಹಿಡಿದಿದ್ದ, ನಾನು ಅಲ್ಲ ಎಂದೆ ಎಂದರು.

ಮಂಜವ್ವ ನನ್ನ ಕಡೆ ತಿರುಗಿ ಹೇಳಿದಳು, ನಾನು ಅದನ್ನು ಅಪ್ಪನಿಗೆ ಬರೆದು ತೋರಿಸಬೇಕೆಂದು. “ನಮ್ಮ ಮನಿಯವರಿಗೆ ಗೊತ್ತಿತ್ರಿ. ಮನಿಗೆ ಬಂದು ನನ್ನ ಮುಂದ ಹೇಳಿದ್ರು. ಹಿರ್ಯಾರು ಅಲ್ಲ ಅಂದ್ರು, ನಾನೂ ಸುಮ್ಮನಾದೆ, ಪಾಪ ಅವರಿಗೆ ಭಾಳ ನಾಚಿಕಿ ಆಗಿತ್ತು ಅಂದ್ರು.”

ಬರೆದು ಕೊಟ್ಟೆ. ಅಪ್ಪ ಓದಿದರು. ಆಮೇಲೆ ಚಾಪೆಯ ಮೇಲೆ ಕುಳಿತರು. ಮಂಜವ್ವ ಚಹಾ ಮಾಡಿ ತಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಅವರನ್ನು ಏನೂ ಕೇಳಬೇಡ, ಅವ್ವಾ. ಶನಿವಾರ ಬಿಸಿಬಿಸಿ ಅನ್ನ ಸಾರು ಮಾಡಿರು.

ನಿನ್ನ ಹರಿ

ಮುಂಡರಗಿ
11 ಅಕ್ಟೋಬರ್ 2024

ತೀರ್ಥರೂಪ ಅಪ್ಪನಿಗೆ,

ಕಚೇರಿಯ ನೋಟೀಸಿಗೆ ನೀವು ಕೊಟ್ಟ ಉತ್ತರದ ಪ್ರತಿಯನ್ನು ಸಮೀರ ಕಳಿಸಿದ್ದ, ಓದಿದೆ. ಚೆನ್ನಾಗಿದೆ. ಸಭೆಯಲ್ಲಿ ಹೇಳಿದ್ದಕ್ಕಿಂತ ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊಸ ಅಳತೆ ಕಳೆದ ತಿಂಗಳು ಮುಗಿಯಿತು. ಮೂರು ಸಲ, ಯಾರಿಗೂ ಹೇಳದೆ ಬಂದರು. ಬಂದವಳು ಚಿಕ್ಕ ವಯಸ್ಸಿನ ಹುಡುಗಿ, ಅಂಕಿತಾ ಎಂದು ಹೆಸರು. ಯಂತ್ರವನ್ನು ಮಂಜವ್ವನ ಓಣಿಯಲ್ಲೇ ಇಟ್ಟಳು. ಕಾಗದ ತೆಗೆದಾಗ ಅದರ ಬಣ್ಣ ನೋಡಲು ಊರೇ ನೆರೆದಿತ್ತು. ಅಂಕಿ ಮಿತಿಯ ನಾಲ್ಕು ಪಟ್ಟು. ಹೊಸ ಎರಡು ಮಶೀನಿನ ಅರ್ಜಿ ಬಿದ್ದುಹೋಯಿತು. ಹಳೆಯ ನಾಲ್ಕರಲ್ಲಿ ಎರಡನ್ನು ನಿಲ್ಲಿಸಿದ್ದಾರೆ. ಉಳಿದೆರಡು ತಗಡಿನ ಹೊದಿಕೆ ಹಾಕಿಕೊಂಡು, ನೀರು ಚಿಮುಕಿಸುತ್ತ ನಡೆಯಬೇಕಂತೆ. ಹೊದಿಕೆ ಹಾಕಿದ್ದಾರೆ. ನೀರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಕೆಲಸ ಹೋದವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಭೀಮೇಶ ಮಾತ್ರ ತಾನಾಗಿಯೇ ಬಂದು, ನನ್ನ ಎದಿದೂ ಒಂದು ಫೋಟೋ ತಗಸಬೇಕಾಗಿತ್ತು ಎಂದ.

ನೂರೀನ ಅವರು ಊರಿಗೇ ಬಂದು ಐವತ್ತೆರಡು ಜನರನ್ನು ನೋಡಿದರು. ಹದಿನಾಲ್ಕು ಜನರಲ್ಲಿ ಅದೇ ರೋಗ ಇದೆ. ನನ್ನ ಎಂಟು ಜನರಲ್ಲಿ ಉಳಿದ ಏಳೂ ಜನ ಅದರಲ್ಲಿದ್ದಾರೆ. ಅವರ ಕ್ಷಯದ ಗುಳಿಗೆಯನ್ನು ಬಿಡಿಸಿದ್ದೇವೆ.

ಹದಿನಾಲ್ಕರಲ್ಲಿ ಒಂದು ಹೆಸರು ಮಂಜವ್ವನದು. ಗಂಡನ ಜೊತೆ ಅವಳೂ ಆರು ವರ್ಷ ಮಶೀನಿನಲ್ಲಿ ಜಲ್ಲಿಯ ಬುಟ್ಟಿ ಹೊತ್ತವಳು. ಅವಳಿಗೆ ನಾನೇ ಹೇಳಬೇಕು ಎಂದು ನೂರೀನ ಅವರಲ್ಲಿ ಕೇಳಿಕೊಂಡೆ. ನಿನ್ನೆ ಮುಂಜಾನೆ ಹೋದೆ. ಅವಳು ಹಿತ್ತಲಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ನಿನಗೂ ಅದೇ ಧೂಳಿನ ರೋಗ, ಆದರೆ ಇನ್ನೂ ಶುರುವಿನಲ್ಲಿದೆ, ಉಸಿರು ಚೆನ್ನಾಗಿದೆ, ಆ ಧೂಳಿಗೆ ಮತ್ತೆ ಹೋಗದಿದ್ದರೆ ಬಹಳ ವರ್ಷ ಇರಬಹುದು ಎಂದು ಹೇಳಿದೆ. ಎಲ್ಲ ಕೇಳಿಸಿಕೊಂಡು, “ಇದಕ್ಕ ಗುಳಿಗಿ ಐತೇನ್ರಿ ಅಕ್ಕಾರ?” ಎಂದಳು.

ಏನೋ ಒಂದು ಕೊಡಬಹುದಿತ್ತು ಅಪ್ಪಾ. ನನ್ನ ಚೀಲದಲ್ಲಿ ಕೆಂಪು ಬಣ್ಣದ ಶಕ್ತಿಯ ಗುಳಿಗೆ ಇದ್ದವು. ಕೈ ಚೀಲದ ತನಕ ಹೋಗಿತ್ತು.

“ಇಲ್ಲ ಮಂಜವ್ವ,” ಎಂದೆ.

ಅವಳು ಮೆಣಸಿನಕಾಯಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಳಗಿದ್ದ ಹಿರಿಯ ಮಗಳನ್ನು ಕರೆದು ನನ್ನ ಮುಂದೆ ಕೂಡಿಸಿದಳು. “ಈಕಿಗೂ ಹೇಳ್ರಿ,” ಎಂದಳು. “ಈಗ ಹೇಳಿದಂಗ ಹೇಳ್ರಿ.”

ಹುಡುಗಿಗೆ ಹದಿಮೂರು ವರ್ಷ. ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.

ನಿಮ್ಮ
ಹರಿಪ್ರಿಯಾ